ಹಿತ್ತಲಿನ ನೆರಳು: ಅಲ್ಪ ವೆಚ್ಚದಲ್ಲಿ ವಿಶ್ರಾಂತಿಯ ತಾಣ

ನಿದ್ರೆ ಬರುವುದಿಲ್ಲವೆಂದು ನಮ್ಮ ಚಿಕಿತ್ಸಾಲಯಕ್ಕೆ ಬರುವ ಹಿರಿಯರನ್ನು ನಾವು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: 'ಸಂಜೆ ಐದು ಗಂಟೆಗೆ ತಾವು ಎಲ್ಲಿ ಕುಳಿತಿರುತ್ತೀರಿ?' ಬಹುತೇಕರು ಟಿ.ವಿ. ಮುಂದೆ ಎನ್ನುತ್ತಾರೆ. ಹೊರಗೇಕೆ ಕೂಡುವುದಿಲ್ಲವೆಂದರೆ, 'ಹೊರಗ ಕುಂದ್ರಾಕ ಜಾಗಾ ಎಲ್ಲೈತ್ರೀ ಡಾಕ್ಟರ್ರ, ಪೂರಾ ಸಿಮೆಂಟ್ ಹಾಕೇವಿ' ಎಂಬ ಉತ್ತರ ಬರುತ್ತದೆ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ಗದಗ ಸೀಮೆಯ ಎರೆಮಣ್ಣಿನ ನೆಲ ನಮ್ಮದು. ಮಳೆಗಾಲದಲ್ಲಿ ಹಿತ್ತಲಿಗೆ ಕಾಲಿಟ್ಟರೆ ಕೆಸರು ಪಾದಕ್ಕೆ ಮೆತ್ತಿಕೊಳ್ಳುತ್ತಿತ್ತು. ತಾಯಿಯವರಿಗೆ ಎಪ್ಪತ್ತೆಂಟು ವರ್ಷ, ಜಾರಿ ಬಿದ್ದಾರೆಂಬ ಭಯದಿಂದ ಹಿತ್ತಲಿಗೆಲ್ಲ ಕಾಂಕ್ರೀಟು ಹಾಕಿಸಿದೆವು. ನಡುವಿದ್ದ ನುಗ್ಗೆಯ ಮರವನ್ನೂ ಕಡಿಸಿದೆವು. ಆ ಬೇಸಿಗೆಯಲ್ಲಿ ಕಾದ ನೆಲದ ಮೇಲೆ ಯಾರೂ ಕಾಲಿಡದಂತಾಯಿತು. ಹೊಸ್ತಿಲಾಚೆ ಕುಳಿತು ಸೊಪ್ಪು ಸೋಸುತ್ತಿದ್ದ ತಾಯಿಯವರು ಒಳಕೋಣೆ ಸೇರಿದರು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಅಶ್ವಗಂಧ ಚೂರ್ಣವನ್ನು ಹಾಲಿನಲ್ಲಿ ಕೊಟ್ಟೆವು, ಪಾದಾಭ್ಯಂಗ ಮಾಡಿಸಿದೆವು. ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಒಂದು ದಿನ ಅವರೇ, 'ತಮ್ಮಾ, ಔಷಧ ಸಾಕು. ಹಿತ್ತಲಾಗ ಒಂದೀಟು ನೆಳ್ಳು ಮಾಡಿಕೊಡು' ಎಂದರು. ವೈದ್ಯರಾದ ನಮಗೆ ಅದು ಹೊಳೆದಿರಲಿಲ್ಲ.

ಚರಕಾಚಾರ್ಯರು ಶರೀರದ ಮೂರು ಉಪಸ್ತಂಭಗಳಲ್ಲಿ ನಿದ್ರೆಯನ್ನು ಆಹಾರದ ಜೊತೆಗೇ ಎಣಿಸಿದ್ದಾರೆ. ವಾಗ್ಭಟರು ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ ಗ್ರೀಷ್ಮ ಋತುವಿಗೆ ಬಿಸಿಲು ತಡೆಯುವ ಎತ್ತರದ ಮರಗಳನ್ನೂ ಬಳ್ಳಿಗಳನ್ನೂ ನೀರಿನ ತಂಪನ್ನೂ ವಿಧಿಸುತ್ತಾರೆ. ಅವರ ವರ್ಣನೆ ರಾಜರ ಉದ್ಯಾನಕ್ಕೆ ಹೊಂದುವಂಥದು. ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಮೂಲೆಯಲ್ಲಿಯೂ ಅದರ ಸಾರವನ್ನು ಪಡೆಯಬಹುದು. ಹಗಲಿನ ಬೆಳಕು ಕಣ್ಣಿಗೆ ಸಾಕಷ್ಟು ಬಿದ್ದವರಿಗೆ ರಾತ್ರಿಯ ನಿದ್ರೆ ಸುಲಭವೆಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ.

ತೋಟವೆಂದೊಡನೆ ಜನ ಸಸ್ಯಕ್ಷೇತ್ರಕ್ಕೆ ಓಡುತ್ತಾರೆ. ಕಂಡ ಹೂಗಿಡಗಳನ್ನೆಲ್ಲ ತಂದು ತಿಂಗಳೊಳಗೆ ಒಣಗಿಸುತ್ತಾರೆ. ಮೊದಲ ವಾರ ಏನನ್ನೂ ಕೊಳ್ಳಬಾರದು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಹಿತ್ತಲಿನಲ್ಲಿ ನಿಂತು ಬಿಸಿಲು ಎಲ್ಲಿದೆ, ಗೋಡೆಯ ನೆರಳು ಎಲ್ಲಿಯವರೆಗಿದೆ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿ, ಸುಣ್ಣದ ಪುಡಿಯಿಂದ ಗುರುತು ಹಾಕಬೇಕು. ಆಮೇಲೆ ಕೂಡುವ ಜಾಗವನ್ನು ನಿಶ್ಚಯಿಸಬೇಕು. ಅದಾದ ಮೇಲೆ ಮರ, ಕೊನೆಗೆ ಹೂಗಿಡ. ಈ ಕ್ರಮ ತಪ್ಪಿದ ತೋಟ ನೋಡಲು ಚೆನ್ನಾಗಿದ್ದರೂ ಅಲ್ಲಿ ಯಾರೂ ಕೂಡುವುದಿಲ್ಲ.

ನಾವು ಎಂಟು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಮೂಲೆಯ ಕಾಂಕ್ರೀಟನ್ನು ಒಡೆಸಿದೆವು. ಇಬ್ಬರು ಆಳುಗಳ ಒಂದು ದಿನದ ಕೂಲಿಯೇ ದೊಡ್ಡ ಖರ್ಚು. ಮನೆ ಕಟ್ಟುವಾಗ ಉಳಿದಿದ್ದ ಶಹಾಬಾದ್ ಕಲ್ಲುಗಳಿಂದ ಒಂದು ಕಟ್ಟೆಯಾಯಿತು. ಕಟ್ಟೆಯ ಎತ್ತರ ಸುಮಾರು ಒಂದೂವರೆ ಅಡಿ ಇರಲಿ. ತಗ್ಗಾದರೆ ಮೊಣಕಾಲು ನೋವಿನವರಿಗೆ ಏಳುವುದು ಕಷ್ಟ. ಬಾಗಿಲಿನಿಂದ ಕಟ್ಟೆಯವರೆಗೆ ಒರಟು ಮೈಯ ಕಲ್ಲುಗಳನ್ನೇ ಹಾಸಬೇಕು, ನುಣುಪು ಟೈಲ್ಸ್ ಬೇಡ. ಪಾಚಿ ಕಟ್ಟಿದಾಗ ಜಾರಿ ಸೊಂಟದ ಮೂಳೆ ಮುರಿದುಕೊಂಡವರನ್ನು ನಾವು ಸಾಕಷ್ಟು ನೋಡಿದ್ದೇವೆ.

ಕಟ್ಟೆಯ ಪಶ್ಚಿಮಕ್ಕೆ ಮತ್ತೆ ನುಗ್ಗೆಯನ್ನೇ ನೆಟ್ಟೆವು. ಬಯಲುಸೀಮೆಯಲ್ಲಿ ನೆರಳು ಬೇಕಾಗುವುದು ಇಳಿಹೊತ್ತಿನ ಬಿಸಿಲಿಗೆ. ಮಣಿಕಟ್ಟಿನ ಗಾತ್ರದ, ನಾಲ್ಕು ಅಡಿ ಉದ್ದದ ಕೊಂಬೆಯನ್ನು ಮೃಗಶಿರ ಮಳೆಯ ಹೊತ್ತಿಗೆ ಮೂರನೆಯ ಒಂದು ಭಾಗ ಮಣ್ಣಿನಲ್ಲಿ ಹೂತರೆ ಸಾಕು. ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಮರಳು ಬೆರೆಸಿ ಸ್ವಲ್ಪ ದಿಬ್ಬ ಮಾಡಬೇಕು. ನುಗ್ಗೆಯ ಸಣ್ಣ ಎಲೆಗಳಿಂದ ಸೋಸಿ ಬರುವ ಬೆಳಕು ಹಿತವಾದದ್ದು. ಕಾಯಿ, ಸೊಪ್ಪು ಅಡುಗೆಗೆ. ದೋಷಗಳೂ ಇಲ್ಲದಿಲ್ಲ. ಕೊಂಬೆ ಪೆಳಸು, ಆಷಾಢದ ಗಾಳಿಗೆ ಮುರಿಯುತ್ತದೆ. ಕಾಯಿ ಮುಗಿದ ಕೂಡಲೇ ಸವರಬೇಕು. ಮಳೆಗಾಲದಲ್ಲಿ ಕಾಂಡಕ್ಕೆ ಕಂಬಳಿಹುಳುಗಳು ಮುತ್ತುವುದುಂಟು, ಆಗ ಕೆಲವು ದಿನ ಅದರಡಿ ಕೂಡಬಾರದು. ಬೇವು ಆರೋಗ್ಯಕ್ಕೆ ಒಳ್ಳೆಯದೆಂದು ಗೋಡೆಯ ಪಕ್ಕದಲ್ಲೇ ನೆಡುವವರಿದ್ದಾರೆ. ಅಷ್ಟು ದೊಡ್ಡ ಮರಕ್ಕೆ ಇಷ್ಟು ಚಿಕ್ಕ ಹಿತ್ತಲು ಸಾಲದು.

ಉಳಿದವುಗಳಿಗೆ ಹಣವೇ ಬೇಕಿಲ್ಲ. ದಾಸವಾಳ, ದೊಡ್ಡಪತ್ರೆ, ಅಮೃತಬಳ್ಳಿಗಳು ನೆರೆಮನೆಯಿಂದ ತಂದ ತುಂಡಿನಿಂದಲೇ ಚಿಗುರುತ್ತವೆ. ಕಟ್ಟೆಯ ಹತ್ತಿರ ದುಂಡುಮಲ್ಲಿಗೆಯಿದ್ದರೆ ಬೇಸಿಗೆಯ ಸಂಜೆ ಅದರ ಕಂಪು, ಪಾರಿಜಾತವಿದ್ದರೆ ಬೆಳಗಿನ ಪೂಜೆಗೆ ಉದುರಿದ ಹೂ. ಸಸಿಗಳು ಬೇಕೆಂದರೆ ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ರಿಯಾಯಿತಿ ದರಕ್ಕೆ ದೊರೆಯುತ್ತವೆ. ಕಣಗಿಲೆ ಪೂಜೆಗೆ ಒದಗುವ ಹೂವಾದರೂ ಅದರ ಬೇರು, ಎಲೆ, ಹೂ ಎಲ್ಲವೂ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡ.

ಹುಲ್ಲುಹಾಸಿನ ಆಸೆಯನ್ನು ಬಿಡುವುದು ಲೇಸು. ಎಂಟು ದಿನಕ್ಕೊಮ್ಮೆ ನಲ್ಲಿಯ ನೀರು ಕಾಣುವ ಊರುಗಳಲ್ಲಿ ಅದನ್ನು ಹಸಿರಾಗಿಡುವುದು ಮನಸ್ಸಿಗೆ ವಿಶ್ರಾಂತಿಯಲ್ಲ, ಚಿಂತೆ. ಬಚ್ಚಲಿನ ನೀರು ಹರಿಯುವೆಡೆ ಬಾಳೆ ಹಾಕುತ್ತಿದ್ದ ನಮ್ಮ ಹಿರಿಯರ ಪದ್ಧತಿ ಇಂದಿಗೂ ಸರಿಯಾದದ್ದೇ. ಅಕ್ಕಿ, ಕಾಯಿಪಲ್ಯ ತೊಳೆದ ನೀರು ಹೂಗಿಡಗಳಿಗಾಗುತ್ತದೆ. ಬೇಸಿಗೆಗೆ ಮತ್ತೊಂದು ಉಪಾಯವುಂಟು: ಹಳೆಯ ಮಣ್ಣಿನ ಗಡಿಗೆಯನ್ನು ಗಿಡದ ಬುಡದಿಂದ ಒಂದು ಅಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಬೇಕು. ನೀರು ಗಡಿಗೆಯ ಮೈಯಿಂದ ಜಿನುಗಿ ಮೆಲ್ಲಗೆ ಬೇರಿಗೆ ಸೇರುತ್ತದೆ. ಉದುರಿದ ಎಲೆಗಳನ್ನು ಸುಡದೆ ಬುಡಕ್ಕೆ ಹರಡಿದರೆ ತೇವ ಆರುವುದಿಲ್ಲ.

ಗಡಿಗೆಗೆ ಮುಚ್ಚಳ ಏಕೆಂದರೆ, ಡೆಂಗ್ಯೂ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಕುಂಡದ ಕೆಳಗಿನ ತಟ್ಟೆ, ಪಕ್ಷಿಗಳಿಗಿಟ್ಟ ಬೋಗುಣಿ, ಒಡೆದ ಬಕೆಟ್ಟು ಇವುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಬೇಕು. ಹಾವಿನ ಭಯವಿರುವವರು ಕಲ್ಲು-ಕಟ್ಟಿಗೆಗಳ ರಾಶಿಯನ್ನು ಹಿತ್ತಲಿನಲ್ಲಿ ಇಡಬಾರದು, ಕತ್ತಲಾದ ಮೇಲೆ ದೀಪವಿಲ್ಲದೆ ಹೋಗಬಾರದು.

ಕಲ್ಲು, ಕೂಲಿ, ಮರಳು, ಗೊಬ್ಬರ ಎಲ್ಲ ಸೇರಿ ಅಂದು ಮೂರು ಸಾವಿರ ರೂಪಾಯಿಯೊಳಗೇ ಮುಗಿಯಿತು. ಕಾಂಕ್ರೀಟಿಗೆ ತೆತ್ತದ್ದು ಅದರ ಹತ್ತು ಪಟ್ಟು! ನುಗ್ಗೆ ನೆರಳು ಕೊಡುವಷ್ಟು ಬೆಳೆಯುವವರೆಗೆ ಗಳ ನಿಲ್ಲಿಸಿ ಹಳೆಯ ಸೀರೆ ಕಟ್ಟಿದ್ದೆವು. ತಾಯಿಯವರು ಬೆಳಿಗ್ಗೆ ಒಂದು ತಾಸು, ಸಂಜೆ ಎರಡು ತಾಸು ಅಲ್ಲಿ ಕೂಡತೊಡಗಿದರು. ಓಣಿಯ ಹೆಂಗಸರೂ ಬಂದು ಕೂಡುತ್ತಿದ್ದರು. ನಿದ್ರೆ ಪೂರ್ಣ ಮರಳಿತೆಂದು ಹೇಳಲಾರೆವು. ಹಗಲಿನ ತೂಕಡಿಕೆ ನಿಂತಿತು, ರಾತ್ರಿ ಹತ್ತಕ್ಕೆ ಮಲಗಿದರೆ ಮೂರರವರೆಗೆ ಎಚ್ಚರವಿರುತ್ತಿರಲಿಲ್ಲ. ಹೀಗೆ ಅವರಿಗೆ ನಾಲ್ಕು ಬೇಸಿಗೆಗಳು ದೊರೆತವು. ಕಾಂಕ್ರೀಟು ಹಾಕಿಸಿದ ಆ ಒಂದು ವರ್ಷವನ್ನು ಮಾತ್ರ ನಾವು ಮರಳಿ ಕೊಡಲಾಗಲಿಲ್ಲ.

ಅದೇ ನುಗ್ಗೆಯನ್ನು ಈಗಲೂ ಪ್ರತಿವರ್ಷ ಮಳೆಗೆ ಮುಂಚೆ ಸವರುತ್ತೇವೆ. ನೆಡಲು ಕೊಂಬೆ ಬೇಕಾದವರು ಚಿಕಿತ್ಸಾಲಯಕ್ಕೆ ಬಂದಾಗ ಕೇಳಿ ಒಯ್ಯಬಹುದು.