ಬಟ್ಟಲಿಗೆ ಬೀಳದ ಚೆಂಡು

ಮೈಸೂರು ಕಡೆಗೆ ಹೊರಟ ರೈಲು ಕೆಂಗೇರಿ ಬಿಟ್ಟರೆ ಹೆಜ್ಜಾಲ, ಬಿಡದಿ, ರಾಮನಗರ ದಾಟಿ ಚನ್ನಪಟ್ಟಣ ಸೇರುತ್ತದೆ. ಕೆಂಗೇರಿಯಿಂದ ನಲವತ್ತು-ನಲವತ್ತೈದು ಕಿಲೋಮೀಟರ್ ದೂರ. ಅಲ್ಲಿನ ಅಂಗಡಿಗಳ ಸಾಲಿನಲ್ಲಿ ಗಿಲಕಿ, ಬುಗುರಿ, ಕುದುರೆ, ರೈಲುಬಂಡಿಗಳ ನಡುವೆ ಇನ್ನೊಂದು ಆಟಿಕೆಯೂ ಕಣ್ಣಿಗೆ ಬೀಳುತ್ತದೆ. ಒಂದು ಹಿಡಿ, ಅದರ ತಲೆಗೊಂದು ಬಟ್ಟಲು, ದಾರದ ತುದಿಗೊಂದು ಮರದ ಚೆಂಡು. ಚೆಂಡನ್ನು ಮೇಲಕ್ಕೆ ಚಿಮ್ಮಿಸಿ ಬಟ್ಟಲಿನಲ್ಲಿ ಹಿಡಿಯಬೇಕು. ಆಟದ ನಿಯಮ ಇಷ್ಟೇ.

ಮಗು ಹಟಮಾಡಿ ಕೊಡಿಸಿಕೊಂಡ ಈ ಆಟಿಕೆ ಎಷ್ಟೋ ಮನೆಗಳಲ್ಲಿ ಎರಡೇ ದಿನಕ್ಕೆ ಷೋಕೇಸು ಸೇರುತ್ತದೆ. ಮೊದಲ ಸಂಜೆ ನಲವತ್ತು ಸಲ ಪ್ರಯತ್ನಿಸಿದರೂ ಚೆಂಡು ಬಟ್ಟಲಿಗೆ ಬೀಳುವುದಿಲ್ಲ, ಬಿದ್ದರೂ ಪುಟಿದು ಹೊರಗೆ ಹಾರುತ್ತದೆ. ‘ನಿನಗೆ ತಾಳ್ಮೆಯಿಲ್ಲ’ ಎಂದು ಹಿರಿಯರು ಗದರಿಸುತ್ತಾರೆ. ತಪ್ಪು ಯಾವಾಗಲೂ ಮಗುವಿನದಲ್ಲ. ಬಟ್ಟಲಿನ ಬಾಯಿ, ಚೆಂಡಿನ ಗಾತ್ರ, ದಾರದ ಉದ್ದ, ಈ ಮೂರರ ಲೆಕ್ಕ ತಪ್ಪಿದ್ದರೆ ಎಂಥ ಚತುರನಿಗೂ ಅದು ಒಲಿಯದು. ಆ ಲೆಕ್ಕ ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮೀರಿದ್ದೇನಲ್ಲ.

ಆಟ ಬಹಳ ಹಳೆಯದು. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಮೂರನೆಯ ಹೆನ್ರಿ ದೊರೆ ಇದರ ಹುಚ್ಚು ಹಿಡಿಸಿಕೊಂಡಿದ್ದ. ಅಲ್ಲಿ ಅದರ ಹೆಸರು ಬಿಲ್ಬೋಕೆ. ಮೆಕ್ಸಿಕೊದಲ್ಲಿ ಇದೇ ಬಗೆಯ ಆಟಿಕೆ ಬಲೆರೊ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಒಂದೇ ಸಮನೆ ನೂರಕ್ಕೂ ಹೆಚ್ಚು ಸಲ ಚೆಂಡನ್ನು ಹಿಡಿದದ್ದುಂಟೆಂದು ಆಕೆಯ ಸೋದರಳಿಯ ಬರೆದಿಟ್ಟಿದ್ದಾನೆ. ಆದರೆ ಈ ಆಟಿಕೆಯನ್ನು ಅಳತೆಗೋಲು ಹಿಡಿದು ತಿದ್ದಿ, ಪಂದ್ಯದ ಮಟ್ಟಕ್ಕೆ ಏರಿಸಿದವರು ಜಪಾನೀಯರು. ಹಿರೋಷಿಮಾ ಪ್ರಾಂತದ ಹಮಾಜಿ ಎಗುಸಾ ಎಂಬಾತ ಹಿಡಿಗೆ ಅಡ್ಡಲಾಗಿ ಎರಡು ಬಟ್ಟಲು, ಬುಡದಲ್ಲೊಂದು ಬಟ್ಟಲು, ತುದಿಯಲ್ಲೊಂದು ಮೊನೆ ಇರುವ ರೂಪವನ್ನು 1919ರಲ್ಲಿ ನೋಂದಾಯಿಸಿದ. ಕೆಂಪು ಚೆಂಡು ಸೂರ್ಯನಂತೆ, ಬಟ್ಟಲು ಬಿದಿಗೆ ಚಂದ್ರನಂತೆ ಕಾಣುತ್ತದೆಂದು ಅದಕ್ಕೆ ‘ಸೂರ್ಯ-ಚಂದ್ರ ಚೆಂಡು’ ಎಂಬ ಅರ್ಥದ ಹೆಸರಿಟ್ಟ. ಮರದ ಕಡೆತಕ್ಕೆ ಹೆಸರಾಗಿದ್ದ ಹಾತ್ಸುಕೈಚಿ ಊರಿನಲ್ಲಿ ಅದು ತಯಾರಾಗತೊಡಗಿತು. 1975ರಲ್ಲಿ ಮಕ್ಕಳ ಸಾಹಿತಿ ಇಸ್ಸೆ ಫುಜಿವಾರಾ ಸಂಘವೊಂದನ್ನು ಕಟ್ಟಿ ಅಳತೆಗಳನ್ನೂ ಪಂದ್ಯದ ನಿಯಮಗಳನ್ನೂ ಗೊತ್ತುಮಾಡಿದರು. ಇದೇ ಇಂದಿನ ಕೆಂಡಾಮಾ. 2014ರಿಂದ ಅದೇ ಹಾತ್ಸುಕೈಚಿಯಲ್ಲಿ ಅದರ ವಿಶ್ವಕಪ್ ಪಂದ್ಯ ನಡೆಯುತ್ತಿದೆ.

ಕಡೆತದ ಮರ ಎಂದಕೂಡಲೇ ಕನ್ನಡಿಗರಿಗೆ ನೆನಪಾಗಬೇಕಾದದ್ದು ಚನ್ನಪಟ್ಟಣ. ಈ ಕಸುಬಿಗೆ ಟಿಪ್ಪುವಿನ ಕಾಲದ ಪರ್ಷಿಯನ್ ಕುಶಲಕರ್ಮಿಗಳು ಮೂಲ ಎಂಬ ಪ್ರತೀತಿ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ವಿಧಾನಗಳನ್ನು ಕಲಿತು ತಮ್ಮವರಿಗೆ ಹೇಳಿಕೊಟ್ಟರೆಂದು ಊರಿನ ಜನ ಇಂದಿಗೂ ಹೇಳುತ್ತಾರೆ. ಹಾಗಿದ್ದಮೇಲೆ ಜಪಾನಿನ ಕಡೆತದವರು ತಲುಪಿದ ಆ ಕರಾರುವಾಕ್ಕಾದ ಆಟಿಕೆಯನ್ನು ನಮ್ಮವರು ಕಡೆಯಲಾರರೆ?

ಲೆಕ್ಕಕ್ಕೆ ಬರೋಣ. ಮೊದಲು ಬಟ್ಟಲು.

ಚೆಂಡಿನ ವ್ಯಾಸ 60 ಮಿಲಿಮೀಟರ್, ಬಟ್ಟಲಿನ ಬಾಯಿಯ ವ್ಯಾಸ 45 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಚೆಂಡು ಬಟ್ಟಲಿಗಿಂತ ದೊಡ್ಡದು! ಅದು ಒಳಗೆ ಮುಳುಗುವುದಿಲ್ಲ, ಅಂಚಿನ ಮೇಲೆ ಕೂರುತ್ತದೆ. ಮಡಕೆ ಸಿಂಬಿಯ ಮೇಲೆ ಕೂತಂತೆ. ಪೈಥಾಗೊರಸನ ಪ್ರಮೇಯ ಬಳಸಿದರೆ ಚೆಂಡಿನ ತಳ ಅಂಚಿನಿಂದ ಸುಮಾರು 10 ಮಿ.ಮೀ. ಕೆಳಗಿಳಿಯುತ್ತದೆಂದು ಗೊತ್ತಾಗುತ್ತದೆ. (ಚೆಂಡಿನ ತ್ರಿಜ್ಯ 30, ಅಂಚಿನ ತ್ರಿಜ್ಯ 22.5. ಕೇಂದ್ರದಿಂದ ಅಂಚಿನ ಸಮತಲಕ್ಕೆ ಇರುವ ದೂರ 19.8. ಉಳಿದದ್ದು 10.2.) ಆದ್ದರಿಂದ ಬಟ್ಟಲನ್ನು 12 ಮಿ.ಮೀ. ಆದರೂ ಆಳ ಕಡೆಯಬೇಕು. ಆಳ 8 ಮಿ.ಮೀ. ಮಾತ್ರ ಇದ್ದರೆ ಚೆಂಡು ಅಂಚನ್ನು ಮುಟ್ಟುವ ಮೊದಲೇ ತಳಕ್ಕೆ ತಾಗಿ ಅಲುಗಾಡುತ್ತದೆ, ಸ್ವಲ್ಪ ಓರೆಯಾದರೂ ಉರುಳುತ್ತದೆ. ನೋಡಲು ಅಂದವಾದ, ಆಡಲು ಬಾರದ ಆಟಿಕೆಗಳಲ್ಲಿ ಹುಡುಕಬೇಕಾದ ಮೊದಲ ದೋಷ ಇದೇ.

ಕೂತ ಚೆಂಡು ಎಷ್ಟು ಓರೆಯನ್ನು ತಡೆದೀತು? ಅಂಚಿನ ತ್ರಿಜ್ಯವನ್ನು ಚೆಂಡಿನ ತ್ರಿಜ್ಯದಿಂದ ಭಾಗಿಸಿದರೆ ಆ ಕೋನದ ಸೈನ್ ಬೆಲೆ ಸಿಗುತ್ತದೆ. ಇಲ್ಲಿ ಅದು 0.75, ಅಂದರೆ ಸುಮಾರು 48 ಡಿಗ್ರಿ. ಬಾಯಿಯನ್ನು 38 ಮಿ.ಮೀ.ಗೆ ಇಳಿಸಿದರೆ ಕೋನ 39 ಡಿಗ್ರಿಗೆ ಇಳಿಯುತ್ತದೆ. ಹತ್ತನೆಯ ತರಗತಿಯಲ್ಲಿ ತ್ರಿಕೋನಮಿತಿ ಕಲಿಯುವಾಗ ‘ಇದೆಲ್ಲ ಯಾವುದಕ್ಕೆ?’ ಎಂದು ಗೊಣಗುವ ವಿದ್ಯಾರ್ಥಿಗಳು ಗಮನಿಸಬಹುದು.

ಇನ್ನೊಂದು ಸ್ವಾರಸ್ಯ. ನಿಧಾನವಾಗಿ ಬೀಳುವ ಚೆಂಡಿನ ಕೇಂದ್ರ ಅಂಚಿನ ವೃತ್ತದ ಒಳಗೆ ಬಿದ್ದರೆ ಅದು ಉರುಳಿ ಒಳಗೇ ಕೂರುತ್ತದೆ, ಹೊರಗೆ ಬಿದ್ದರೆ ಹೊರಕ್ಕೆ ಉರುಳುತ್ತದೆ. ಹಾಗಾಗಿ ಗುರಿಯಲ್ಲಿ ಎಷ್ಟು ತಪ್ಪಬಹುದು ಎಂಬುದನ್ನು ನಿರ್ಧರಿಸುವುದು ಚೆಂಡಿನ ಗಾತ್ರವಲ್ಲ, ಬಟ್ಟಲಿನ ಬಾಯಿ. ನಮ್ಮ ಉದಾಹರಣೆಯಲ್ಲಿ ಎರಡೂಕಾಲು ಸೆಂಟಿಮೀಟರ್. ಚೆಂಡನ್ನು ಚಿಕ್ಕದು ಮಾಡಿದರೆ ಆಟ ಸುಲಭವಾದೀತೆಂಬ ಊಹೆ ಇಲ್ಲಿ ಹುಸಿಯಾಗುತ್ತದೆ.

ದಾರದ ಗುಟ್ಟು

ಹೆಚ್ಚಿನವರು ಯೋಚಿಸದೇ ಬಿಡುವುದು ದಾರವನ್ನು. ಚೆಂಡು ಬಟ್ಟಲಿಗಿಂತ 40 ಸೆಂ.ಮೀ. ಕೆಳಗೆ ತೂಗುತ್ತಿದೆ. ಅದು ಬಟ್ಟಲನ್ನು ಮೀರಿ 5 ಸೆಂ.ಮೀ. ಮೇಲೇರಿ ಮತ್ತೆ ಇಳಿಯಬೇಕು. ಅದಕ್ಕೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಏರಲು 0.3 ಸೆಕೆಂಡು, ಇಳಿಯಲು 0.1 ಸೆಕೆಂಡು, ಒಟ್ಟು 0.4 ಸೆಕೆಂಡು. ಚಿಮ್ಮಿಸುವಾಗ ಕೈ ನೇರ ಮೇಲಕ್ಕಲ್ಲದೆ ಒಂದೇ ಒಂದು ಡಿಗ್ರಿ ಓರೆಯಾಯಿತೆನ್ನಿ. ಅಷ್ಟು ಹೊತ್ತಿನಲ್ಲಿ ಚೆಂಡು 2 ಸೆಂ.ಮೀ.ಗೂ ತುಸು ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ನಮಗಿರುವ ಅವಕಾಶವೇ ಎರಡೂಕಾಲು. ಕೈಯನ್ನು ಅಲುಗಿಸದೆ ಆಡುವವನಿಗೆ ಒಂದು ಡಿಗ್ರಿಯ ರಿಯಾಯಿತಿ ಮಾತ್ರ!

ದಾರವನ್ನು 20 ಸೆಂ.ಮೀ.ಗೆ ಇಳಿಸಿದರೆ? ವೇಗ ಸೆಕೆಂಡಿಗೆ 2.2 ಮೀಟರ್ ಸಾಕು, ಸಮಯ ಸುಮಾರು 0.33 ಸೆಕೆಂಡು. ಒಂದು ಡಿಗ್ರಿ ತಪ್ಪಿಗೆ ಪಕ್ಕದ ಸರಿತ ಒಂದೂಕಾಲು ಸೆಂ.ಮೀ. ಮಾತ್ರ. ಈಗ ಒಂದೂಮುಕ್ಕಾಲು ಡಿಗ್ರಿಯವರೆಗೆ ತಪ್ಪಬಹುದು. ಕಲಿಯುವ ಮಗುವಿಗೆ ಇದು ದೊಡ್ಡ ಉಪಕಾರ. ಹಾಗಾದರೆ ದಾರ ಚಿಕ್ಕದಾದಷ್ಟೂ ಒಳ್ಳೆಯದೆ? ಅದೂ ಅಲ್ಲ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು ಕಾಲು ಸೆಕೆಂಡು ಬೇಕು. 0.33ರಲ್ಲಿ ಕಾಲು ಸೆಕೆಂಡು ಕಳೆದರೆ ಬಟ್ಟಲನ್ನು ಚೆಂಡಿನ ಕೆಳಗೆ ಸರಿಸಲು ಉಳಿಯುವುದು ಅತ್ಯಲ್ಪ. 40 ಸೆಂ.ಮೀ. ದಾರದಲ್ಲಿ ಆ ಉಳಿಕೆ ಸುಮಾರು ಇಮ್ಮಡಿ. ಕಲಿಯುವವನಿಗೆ ಗಿಡ್ಡ ದಾರ, ಕೈ ಪಳಗಿದವನಿಗೆ ಉದ್ದ ದಾರ ಎಂಬುದೇ ಸರಿಯಾದ ಏರ್ಪಾಡು. ದಾರವನ್ನು ಅಂಟಿಸಿ ಮುಗಿಸದೆ, ಹಿಡಿಯಲ್ಲಿ ಎರಡು ರಂಧ್ರ ಕೊರೆದು, ಗಂಟು ಬಿಚ್ಚಿ ಉದ್ದ ಮಾಡಿಕೊಳ್ಳುವಂತೆ ಇಟ್ಟರೆ ಒಂದೇ ಆಟಿಕೆ ಎರಡು ವರ್ಷ ಮಗುವಿನ ಜೊತೆ ಬೆಳೆಯುತ್ತದೆ. ಖರ್ಚು ಒಂದು ತೂತಿನದು.

ಹೊರಗೆ ಪುಟಿಯುವ ತಾಪತ್ರಯಕ್ಕೆ ಮದ್ದು ಆಟಿಕೆಯಲ್ಲಿಲ್ಲ, ಮೊಣಕಾಲಿನಲ್ಲಿದೆ. 5 ಸೆಂ.ಮೀ. ಎತ್ತರದಿಂದ ಬೀಳುವ ಚೆಂಡಿನ ವೇಗ ಸೆಕೆಂಡಿಗೆ 1 ಮೀಟರ್. ಆ ಕ್ಷಣದಲ್ಲಿ ಆಟಗಾರ ಮೊಣಕಾಲು ಮಡಿಸಿ ಬಟ್ಟಲನ್ನು 0.7 ಮೀಟರ್ ವೇಗದಲ್ಲಿ ಕೆಳಗಿಳಿಸುತ್ತಿದ್ದರೆ, ಚೆಂಡು ಬಟ್ಟಲಿಗೆ ತಾಗುವುದು 0.3ರ ವೇಗದಲ್ಲಿ. ಬಡಿತದ ಶಕ್ತಿ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯಿತು. ಸ್ಲಿಪ್ಪಿನಲ್ಲಿ ನಿಂತ ಕ್ರಿಕೆಟ್ ಆಟಗಾರ ಕೈಯನ್ನು ಹಿಂದಕ್ಕೆಳೆದುಕೊಂಡು ಕ್ಯಾಚು ಹಿಡಿಯುವುದೂ ಇದೇ ಲೆಕ್ಕದ ಮೇಲೆ.

ಮೊನೆಯ ಮೇಲೆ ಹಿಡಿಯುವ ಆಟಕ್ಕೆ ಚೆಂಡಿನ ತಳದಲ್ಲಿ ರಂಧ್ರ ಬೇಕು. ಆ ರಂಧ್ರ ದಾರ ಹೊರಡುವ ಜಾಗಕ್ಕೆ ನೇರ ಎದುರಾಗಿರಬೇಕು, ಇಲ್ಲವಾದರೆ ತೂಗುವ ಚೆಂಡಿನ ರಂಧ್ರ ಕೆಳಮುಖವಾಗಿ ನಿಲ್ಲುವುದಿಲ್ಲ. ಬಲ್ಲ ಆಟಗಾರರು ಚಿಮ್ಮಿಸುವ ಮುಂಚೆ ಚೆಂಡನ್ನು ಬೆರಳಲ್ಲಿ ಒಮ್ಮೆ ತಿರುಗಿಸುತ್ತಾರೆ. ತಿರುಗುವ ಬುಗುರಿ ಬೀಳದಿರುವಂತೆಯೇ ತಿರುಗುವ ಚೆಂಡಿನ ಅಕ್ಷ ಓಲಾಡುವುದಿಲ್ಲ.

ಆಲೆ ಮರ ಮತ್ತು ಅರಗು

ಚನ್ನಪಟ್ಟಣದ ಆಟಿಕೆಗೆ ವಾಡಿಕೆಯಿಂದ ಬಳಸುವುದು ಆಲೆ ಮರ. ಬಿಳಿ ಬಣ್ಣದ, ನಯವಾದ ಎಳೆಯ, ಉಳಿಗೆ ಬಗ್ಗುವ ಮರ. ಕಡಿದ ಮರವನ್ನು ಕೆಲವು ತಿಂಗಳು ಒಣಗಿಸಿಯೇ ಕಡೆಯುತ್ತಾರೆ. ಮೇಲುನೋಟಕ್ಕೆ ಇದು ಬಿರುಕು ಬಿಡದಿರಲಿ ಎಂಬ ಎಚ್ಚರಿಕೆ. ಬಟ್ಟಲಿನ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಗಿಂತ ಹೆಚ್ಚು. ಹಸಿಮರದಲ್ಲಿ ದುಂಡಗೆ ಕಡೆದ ಬಾಯಿ ಒಣಗಿದ ಮೇಲೆ ಅಂಡಾಕಾರವಾಗುತ್ತದೆ. ಗೊಂಬೆಗೆ ಅದು ಅಡ್ಡಿಯಲ್ಲ, ಬಟ್ಟಲಿಗೆ ಆಟವೇ ಕೆಡುತ್ತದೆ.

ತೂಕವನ್ನೂ ನೋಡಬೇಕು. ಘನ ಸೆಂಟಿಮೀಟರಿಗೆ 0.65 ಗ್ರಾಂ ತೂಗುವ ಮರದಲ್ಲಿ 60 ಮಿ.ಮೀ. ಚೆಂಡು ಕಡೆದರೆ ಸುಮಾರು 73 ಗ್ರಾಂ. ಪಂದ್ಯದ ಕೆಂಡಾಮಾ ಚೆಂಡಿನ ತೂಕವೂ ಇದರ ಆಸುಪಾಸಿನದೇ. ವ್ಯಾಸವನ್ನು 45 ಮಿ.ಮೀ.ಗೆ ಇಳಿಸಿದರೆ 31 ಗ್ರಾಂ ಉಳಿಯುತ್ತದೆ. ಎಳೆಯ ಕೈಗೆ ಇದು ಹಗುರ, ಆದರೆ ದಾರ ದಪ್ಪವಾಗಿದ್ದರೆ ಚೆಂಡು ದಾರದ ಮಾತನ್ನೇ ಕೇಳತೊಡಗುತ್ತದೆ. ತೆಳು ದಾರವೇ ಆಗಬೇಕು.

ಅರಗು ಹಚ್ಚುವುದು ನೋಡಬೇಕಾದ ಕೆಲಸ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಘರ್ಷಣೆಯ ಶಾಖಕ್ಕೇ ಅದು ಕರಗಿ ಹರಡುತ್ತದೆ. ಬೆಂಕಿ ಬೇಡ, ಕುಂಚ ಬೇಡ. ಆಮೇಲೆ ಕೇದಗೆಯ ಒಣ ಎಲೆಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ಅರಿಸಿನದಂಥ ಸಸ್ಯಮೂಲದ ಬಣ್ಣಗಳೂ ಬಳಕೆಯಲ್ಲಿವೆ. ಅಂದ ಹೆಚ್ಚಿಸುವ ಈ ಹೊಳಪೇ ಆಟಕ್ಕೆ ತೊಡಕೆಂಬುದು ವಿಚಿತ್ರ. ನುಣುಪು ಅಂಚಿನ ಮೇಲೆ ನುಣುಪು ಚೆಂಡು ಜಾರುತ್ತದೆ. ಹಿಡಿಗೂ ಚೆಂಡಿಗೂ ಬಣ್ಣ ಹಾಕಿ, ಬಟ್ಟಲಿನ ಅಂಚನ್ನು ಮಾತ್ರ ಬರಿಮರವಾಗಿ ಬಿಟ್ಟರೆ ಹಿಡಿತ ಹೆಚ್ಚುತ್ತದೆ. ಅರಗೂ ಅಷ್ಟು ಉಳಿತಾಯ.

ಇದೆಲ್ಲ ಬರಿಯ ಆಟದ ಮಾತಲ್ಲ. ಅಗ್ಗದ ಪ್ಲಾಸ್ಟಿಕ್ ಆಟಿಕೆ ಮಾರುಕಟ್ಟೆ ತುಂಬಿದಾಗ ಚನ್ನಪಟ್ಟಣದ ಎಷ್ಟೋ ಕುಟುಂಬಗಳು ಕಸುಬು ಬಿಟ್ಟವು. 2005-06ರ ಸಾಲಿನಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರಕಿತು. 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಉಂಟು. ಸುಂಕದ ಗೋಡೆ ಆಮದನ್ನು ತಡೆದೀತು, ಆದರೆ ಷೋಕೇಸು ಸೇರಿದ ಆಟಿಕೆಯನ್ನು ಯಾರೂ ಎರಡನೆಯ ಸಲ ಕೊಳ್ಳುವುದಿಲ್ಲ. ಆಡಿ ಆಡಿ ದಾರ ಸವೆದ ಆಟಿಕೆಯ ಒಡೆಯ ಮತ್ತೊಂದಕ್ಕೆ ಬಂದೇ ಬರುತ್ತಾನೆ. ಜಪಾನಿನವರು ಹಿಡಿದ ದಾರಿ ಅದು. ಅದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ. 45 ಮಿ.ಮೀ. ಬಾಯಿಗೊಂದು, 60 ಮಿ.ಮೀ. ಚೆಂಡಿಗೊಂದು ಅಳತೆಯ ಬಳೆ ಪ್ರತಿ ಕಡೆತದ ಯಂತ್ರದ ಪಕ್ಕದಲ್ಲಿ ತೂಗಿದರೆ ಕೆಲಸ ಅರ್ಧ ಆದಂತೆ.

ಮನೆಯಲ್ಲೇ ಮಾಡಿ ನೋಡಬಯಸುವವರಿಗೆ ಅರ್ಧ ತೆಂಗಿನ ಕರಟ ಸಾಕು. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಬಲವಾದ ಹಿಡಿ ಕಟ್ಟಿ. ಚೆಂಡಿಗೆ ರಬ್ಬರ್ ಬೇಡ, ಪುಟಿಯುತ್ತದೆ. ಟೇಬಲ್ ಟೆನಿಸ್ ಚೆಂಡು ತೀರ ಹಗುರ, ತೂಕ ಮೂರು ಗ್ರಾಂ ಕೂಡ ಇಲ್ಲ. ಹಳೆಯ ಕಾಲುಚೀಲದೊಳಗೆ ಬಟ್ಟೆ ಚೂರು ಬಿಗಿಯಾಗಿ ತುಂಬಿ ಹೊಲಿದ ಚೆಂಡು ಎಲ್ಲಕ್ಕಿಂತ ಮೇಲು. ದಾರವನ್ನು 20, 30, 40, 50 ಸೆಂ.ಮೀ. ಇಟ್ಟು ಪ್ರತಿ ಉದ್ದಕ್ಕೂ ಐವತ್ತು ಸಲ ಆಡಿ, ಎಷ್ಟು ಸಲ ಹಿಡಿದಿರೆಂದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಪ್ರತಿವರ್ಷ ಥರ್ಮೊಕೋಲಿನ ಜ್ವಾಲಾಮುಖಿಯನ್ನೇ ಒಯ್ಯುವುದಕ್ಕಿಂತ ಇದು ವಾಸಿ. ನಾಲ್ಕನೆಯ ಉದ್ದಕ್ಕೆ ಬರುವ ಹೊತ್ತಿಗೆ ಕೈ ಪಳಗಿರುತ್ತದೆ, ಆದ್ದರಿಂದ ಉದ್ದಗಳನ್ನು ಏರುಕ್ರಮದಲ್ಲಿ ಆಡದೆ ಚೀಟಿ ಎತ್ತಿ ಆಡುವುದು ಒಳಿತು.

ಪುಟ್ಟ ಮಕ್ಕಳಿರುವ ಮನೆಯವರು ಒಂದು ಎಚ್ಚರ ವಹಿಸಬೇಕು. ಮೂರು ವರ್ಷದೊಳಗಿನ ಮಗುವಿಗೆ ಉದ್ದ ದಾರದ ಆಟಿಕೆ ಸಲ್ಲದು, ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಸುಮಾರು ನಾಲ್ಕೂವರೆ ಸೆಂ.ಮೀ.ಗಿಂತ ಚಿಕ್ಕ ಚೆಂಡೂ ಅವರ ಕೈಗೆ ಸಿಗಬಾರದು.

ಅಂಗಡಿಯಲ್ಲಿ ಕೊಳ್ಳುವವರಿಗೆ ಅರ್ಧ ನಿಮಿಷದ ಪರೀಕ್ಷೆ ಇಷ್ಟು. ಚೆಂಡನ್ನು ಬಟ್ಟಲಿನ ಮೇಲಿಟ್ಟು ಬೆರಳಿನಿಂದ ಅಲುಗಿಸಿ, ಕಟಕಟ ಸದ್ದು ಬಂದರೆ ಅಂಚು ದುಂಡಗಿಲ್ಲ ಅಥವಾ ತಳ ತಾಗುತ್ತಿದೆ. ನಿಧಾನವಾಗಿ ಓರೆ ಮಾಡಿ, 40 ಡಿಗ್ರಿಯವರೆಗೆ ಚೆಂಡು ಕೂತೇ ಇರಬೇಕು. ಗಡಿಯಾರದ ನಿಮಿಷದ ಮುಳ್ಳು ಹನ್ನೆರಡರಿಂದ ಒಂದೂಕಾಲಿನ ಗುರುತಿಗೆ ಬಂದಷ್ಟು ಓರೆ. ಕೊನೆಗೆ ದಾರ ಹಿಡಿದು ಚೆಂಡನ್ನು ತೂಗಬಿಟ್ಟು ತಿರುಗಿಸಿ ನೋಡಿ. ಓಲಾಡದೆ ತಿರುಗಿದರೆ ದಾರ ನಡುವಿನಿಂದಲೇ ಹೊರಟಿದೆ.