ಬೆನ್ನಿನೊಳಗಿನ ಪುಟ್ಟ ಯಂತ್ರ: ವರ್ಷಗಳ ನಂತರದ ಲೆಕ್ಕ

ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದವನು. ಬೆನ್ನುನೋವು ನನಗೂ ಹಳೆಯ ನೆಂಟ. ಶಸ್ತ್ರಚಿಕಿತ್ಸೆಯಾದರೂ ನೋವು ಬಿಡದ ಕೆಲವರಿಗೆ ವೈದ್ಯರು ‘ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್’ ಎಂಬ ಯಂತ್ರವನ್ನು ಸೂಚಿಸುವುದುಂಟು. ಅದನ್ನು ಹಾಕಿಸಿಕೊಂಡವರ ಗತಿ ವರ್ಷಗಳ ನಂತರ ಏನು? ಅದನ್ನೇ ಇಂದು ನೋಡೋಣ.

ಮೊದಲು ಯಂತ್ರದ ಪರಿಚಯ. ಬೆನ್ನುಹುರಿಯ ಹೊದಿಕೆಯ ಹೊರಗೆ ಒಂದೆರಡು ತೆಳುವಾದ ತಂತಿಗಳನ್ನು ಕೂರಿಸುತ್ತಾರೆ. ಸೊಂಟದ ಅಥವಾ ಹೊಟ್ಟೆಯ ಚರ್ಮದ ಕೆಳಗೆ ಬ್ಯಾಟರಿಯ ಪೆಟ್ಟಿಗೆ ಇರುತ್ತದೆ. ಅದರ ಸಣ್ಣ ವಿದ್ಯುತ್ತು ನೋವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯಬೇಕು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿದರೆ ನೋವು ತಗ್ಗುತ್ತದಲ್ಲವೇ? ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಅದನ್ನು ಮುಚ್ಚಬಹುದು ಎಂದು ಮೆಲ್ಝ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಹೇಳಿದರು. 1967ರಲ್ಲಿ ಅಮೆರಿಕದ ಡಾ. ನಾರ್ಮನ್ ಶೀಲಿ ಇಂಥ ಯಂತ್ರವನ್ನು ಮೊದಲ ಬಾರಿ ರೋಗಿಗೆ ಅಳವಡಿಸಿದರು.

ಈಗ ಫಲಿತಾಂಶ. 2007ರಲ್ಲಿ ಹಲವು ದೇಶಗಳ 100 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಎಲ್ಲರಿಗೂ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರವೂ ಕಾಲುನೋವು ಉಳಿದಿತ್ತು. ಆರು ತಿಂಗಳಲ್ಲಿ, ಯಂತ್ರ ಪಡೆದವರಲ್ಲಿ ಶೇಕಡಾ 48 ಮಂದಿಗೆ ನೋವು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯಿತು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 9 ಮಂದಿಗೆ ಮಾತ್ರ. ಒಳ್ಳೆಯ ಸುದ್ದಿಯೇ ಸರಿ.

ಆದರೆ ನೆದರ್‌ಲ್ಯಾಂಡ್ಸ್‌ನ ವೈದ್ಯರು ಕೈ ಅಥವಾ ಕಾಲಿನ ಬಿಡದ ನೋವಿನ 54 ರೋಗಿಗಳನ್ನು ಐದು ವರ್ಷ ಹಿಂಬಾಲಿಸಿದರು. ಮೊದಮೊದಲು ಯಂತ್ರ ಇದ್ದವರೇ ಮುಂದಿದ್ದರು. ಮೂರು ವರ್ಷ ದಾಟಿದ ಮೇಲೆ ಎರಡು ಗುಂಪುಗಳ ಅಂತರ ಕರಗಿತು. ಸೋಜಿಗವೆಂದರೆ, ಯಂತ್ರ ಇದ್ದವರಲ್ಲಿ ಶೇಕಡಾ 95 ಮಂದಿ ಇಷ್ಟೇ ಫಲ ಸಿಗುವುದಾದರೂ ಮತ್ತೆ ಹಾಕಿಸಿಕೊಳ್ಳುತ್ತೇವೆ ಎಂದರು! ನೋವುಂಡವರಿಗೆ ಸ್ವಲ್ಪ ಬಿಡುವೂ ದೊಡ್ಡದೇ.

2022ರಲ್ಲಿ ನಾರ್ವೆಯವರು ಇನ್ನೊಂದು ಪರೀಕ್ಷೆ ಪ್ರಕಟಿಸಿದರು. 50 ರೋಗಿಗಳ ಯಂತ್ರವನ್ನು ಅವರಿಗೆ ತಿಳಿಯದಂತೆ ಕೆಲಕಾಲ ನಡೆಸಿ, ಕೆಲಕಾಲ ನಿಲ್ಲಿಸಿ ನೋಡಿದರು. ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2023ರ ಕಾಕ್ರೇನ್ ಪರಿಶೀಲನೆಯೂ ಸೊಂಟನೋವಿಗೆ ಇದರ ದೀರ್ಘಕಾಲದ ಲಾಭ ಸಾಬೀತಾಗಿಲ್ಲ ಎಂದಿತು.

ಖರ್ಚಿನ ಕಡೆಯೂ ನೋಡಬೇಕು. ತಂತಿ ಜರುಗಬಹುದು, ತುಂಡಾಗಬಹುದು, ಸೋಂಕು ತಗುಲಬಹುದು. ಬ್ಯಾಟರಿ ಮುಗಿದಾಗ ಬದಲಿಸಲು ಮತ್ತೆ ಶಸ್ತ್ರಚಿಕಿತ್ಸೆ ಬೇಕು.

ಹಾಗಾದರೆ ಬೇಡವೇ? ಹಾಗಲ್ಲ. ಪೂರ್ತಿ ಅಳವಡಿಸುವ ಮುನ್ನ ಪೆಟ್ಟಿಗೆಯನ್ನು ಹೊರಗಿಟ್ಟು ಕೆಲವು ದಿನ ಪರೀಕ್ಷಿಸುವ ಪದ್ಧತಿಯಿದೆ. ನೋವು ಅರ್ಧದಷ್ಟಾದರೂ ಇಳಿದರೆ ಮಾತ್ರ ಸಾಮಾನ್ಯವಾಗಿ ಮುಂದಿನ ಹೆಜ್ಜೆ. ಆದರೆ ಆ ಕೆಲವು ದಿನಗಳ ಸುಖ ಐದು ವರ್ಷದ ಖಾತರಿಯಲ್ಲ. ಆದ್ದರಿಂದ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ನನ್ನಂಥ ನೋವಿಗೆ ಇದು ಎಷ್ಟು ವರ್ಷ ಫಲ ಕೊಟ್ಟಿದೆ? ಬ್ಯಾಟರಿ ಎಷ್ಟು ಕಾಲ? ಮುಂದೆ ಎಂಆರ್‌ಐ ಮಾಡಿಸಬಹುದೇ? ತೆಗೆಸಬೇಕಾದರೆ ಖರ್ಚೆಷ್ಟು?

ಮೊದಲ ತಿಂಗಳ ಜಮೆ ನೋಡಿ ಮನೆ ಅಡವಿಡಬೇಡಿ. ಕೊನೆಯ ಶಿಲ್ಕು ಏನೆಂದು ವಿಚಾರಿಸಿ, ಆಮೇಲೆ ಸಹಿ ಹಾಕಿರಿ.