ಗಡಿ ದಾಟುವ ದಂತವೈದ್ಯರು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕ್ಯಾನ್ಸಸ್ ಸಿಟಿ ಎಂಬಲ್ಲಿ ಸ್ಟೇಟ್ ಲೈನ್ ಎಂಬ ಹೆಸರಿನ ರಸ್ತೆಯೊಂದುಂಟು. ಅದರ ಒಂದು ಪಕ್ಕ ಕ್ಯಾನ್ಸಸ್ ಸಂಸ್ಥಾನ, ಇನ್ನೊಂದು ಪಕ್ಕ ಮಿಸ್ಸೂರಿ. ರಸ್ತೆಯನ್ನು ದಾಟಿದ ಮಾತ್ರಕ್ಕೆ ಮನುಷ್ಯನ ದವಡೆಯ ರಚನೆ ಬದಲಾಗುವುದಿಲ್ಲ. ಆದರೂ ಒಂದು ಪಕ್ಕದ ದಂತವೈದ್ಯನು ಇನ್ನೊಂದು ಪಕ್ಕದಲ್ಲಿ ಹಲ್ಲು ಕೀಳಬೇಕಾದರೆ ತನ್ನಲ್ಲಿರುವ ಪರವಾನಗಿಯೊಂದೇ ಸಾಲದು. ಇದೇಕೆ ಹೀಗೆ?

ಜನರ ಆರೋಗ್ಯರಕ್ಷಣೆಯ ಹೊಣೆಯನ್ನು ಆ ದೇಶದ ರಾಜ್ಯಾಂಗವು ಬಹುಮಟ್ಟಿಗೆ ಸಂಸ್ಥಾನಗಳಿಗೇ ಬಿಟ್ಟಿದೆ. ದಂತವೈದ್ಯವನ್ನು ಕುರಿತ ಮೊದಲ ಕಾನೂನನ್ನು ಅಲಬಾಮ ಸಂಸ್ಥಾನವು 1841ರಲ್ಲಿ ಮಾಡಿತು. ವೈದ್ಯರಿಗೆ ಪರವಾನಗಿ ಕಡ್ಡಾಯಮಾಡುವ ಅಧಿಕಾರ ಸಂಸ್ಥಾನಗಳಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು 1889ರಲ್ಲಿ ತೀರ್ಪಿತ್ತಿತು. ಹೀಗೆ ಪ್ರತಿಯೊಂದು ಸಂಸ್ಥಾನವೂ ಯೋಗ್ಯತೆಯನ್ನು ಅಳೆಯಲು ತನ್ನದೇ ಆದ ಅಳತೆಗೋಲನ್ನು ಹಿಡಿಯಿತು.

ಅಳತೆಯ ವಿಷಯದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಅಳೆಯಲ್ಪಡುವ ವಸ್ತು ಪ್ರತಿ ಸಲವೂ ಬೇರೆಯಾದರೆ ಫಲಿತಾಂಶಗಳನ್ನು ಹೋಲಿಸುವುದು ಕಷ್ಟ. ಬಹುಕಾಲ ಅಭ್ಯರ್ಥಿಗಳು ಜೀವಂತ ರೋಗಿಗಳ ಬಾಯಲ್ಲಿಯೇ ತಮ್ಮ ಕೈಚಳಕವನ್ನು ತೋರಿಸಬೇಕಾಗಿತ್ತು. ಒಬ್ಬನಿಗೆ ಸುಲಭವಾದ ಹುಳುಕು, ಇನ್ನೊಬ್ಬನಿಗೆ ಕಠಿಣವಾದುದು. 2020ರ ಸಾಂಕ್ರಾಮಿಕದ ಕಾಲದಿಂದ ಕೃತಕ ದವಡೆಗಳ ಮೇಲಿನ ಪರೀಕ್ಷೆ ವ್ಯಾಪಕವಾಯಿತು.

ಸಂಸ್ಥಾನಗಳು ಪರಸ್ಪರ ಅಳತೆಯನ್ನು ನಂಬುವ ಉಪಾಯವೇ ಅಂತರ-ಸಂಸ್ಥಾನ ಒಡಂಬಡಿಕೆ. ದಂತವೈದ್ಯರಿಗೂ ದಂತನೈರ್ಮಲ್ಯ ಸಹಾಯಕರಿಗೂ ಸಂಬಂಧಿಸಿದ ಇಂತಹ ಒಡಂಬಡಿಕೆಯ ಮಾದರಿ 2023ರಲ್ಲಿ ಸಿದ್ಧವಾಯಿತು. ಅಮೆರಿಕಾದ ರಕ್ಷಣಾ ಇಲಾಖೆ ಇದಕ್ಕೆ ಹಣ ಒದಗಿಸಿತ್ತು. ಸೈನಿಕನಿಗೆ ವರ್ಗವಾದಾಗಲೆಲ್ಲ ಅವನ ಪತ್ನಿಯು ಹೊಸ ಪರವಾನಗಿಗಾಗಿ ಕಾಯುತ್ತಾ ಉದ್ಯೋಗವಿಲ್ಲದೆ ಕೂರಬೇಕಾಗುವುದೆಂಬುದನ್ನು ನೆನೆದರೆ ಇದರ ಕಾರಣ ಸ್ಪಷ್ಟವಾಗುತ್ತದೆ. ಏಳು ಸಂಸ್ಥಾನಗಳು ಇದನ್ನು ಕಾನೂನಾಗಿ ಅಂಗೀಕರಿಸಬೇಕೆಂಬ ನಿಬಂಧನೆ 2024ರಲ್ಲಿ ಪೂರೈಸಿತು.

ಇದರ ಕ್ರಮ ಹೀಗಿದೆ. ಒಂದು ಸದಸ್ಯ ಸಂಸ್ಥಾನದಲ್ಲಿ ನಿರ್ಬಂಧವಿಲ್ಲದ ಪರವಾನಗಿಯುಳ್ಳವನು ಇನ್ನೊಂದರಲ್ಲಿ ಪೂರ್ಣ ಪರವಾನಗಿಗೆ ಬದಲು 'ವೃತ್ತಿಯ ಹಕ್ಕ'ನ್ನು ಪಡೆಯಬಹುದು. ಆದರೆ ಅವನು ಚಿಕಿತ್ಸೆ ಮಾಡುವ ಸಂಸ್ಥಾನದ ಕಾನೂನಿಗೇ ಬದ್ಧನು. ಒಂದೆಡೆ ಶಿಸ್ತಿನ ಕ್ರಮಕ್ಕೆ ಗುರಿಯಾದರೆ ಆ ವಾರ್ತೆ ಸಮಾನ ದಾಖಲೆಯ ಮೂಲಕ ಉಳಿದ ಸದಸ್ಯರಿಗೂ ತಲಪುತ್ತದೆ. ಒಂದು ಊರಿನಲ್ಲಿ ಕೆಟ್ಟ ಹೆಸರು ಪಡೆದವನು ಮತ್ತೊಂದು ಊರಿನಲ್ಲಿ ಸದ್ದಿಲ್ಲದೆ ಅಂಗಡಿ ತೆರೆಯದಂತೆ ಇದು ತಡೆಯಬೇಕು.

ವಿವಾದವೂ ಇಲ್ಲದಿಲ್ಲ. ಕೈಚಳಕದ ಪ್ರತ್ಯೇಕ ಪರೀಕ್ಷೆ ಎಲ್ಲರಿಗೂ ಕಡ್ಡಾಯವಾಗಿರಬೇಕೆಂದು ವಾದಿಸುವ ದಂತಮಂಡಲಿಗಳ ಸಂಘವು ಬೇರೊಂದು ಒಡಂಬಡಿಕೆಯನ್ನೇ ಮುಂದಿಟ್ಟಿದೆ. ಸೌಕರ್ಯ ಹೆಚ್ಚಿದಷ್ಟೂ ಎಚ್ಚರ ಕುಂದಬಾರದೆಂಬ ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ.

ನಮ್ಮಲ್ಲಿ ಬಿ.ಡಿ.ಎಸ್. ಮುಗಿಸಿ ಅಲ್ಲಿಗೆ ಹೋಗಬಯಸುವ ತರುಣರು ಒಂದನ್ನು ಗಮನಿಸಬೇಕು. ಈ ಒಡಂಬಡಿಕೆಯು ಅಲ್ಲಿ ಮಾನ್ಯತೆ ಪಡೆದ ಶಿಕ್ಷಣಕ್ರಮವನ್ನು ಪೂರೈಸಿರಬೇಕೆಂದು ವಿಧಿಸುತ್ತದೆ. ಆದುದರಿಂದ ಹಲವರು ಅಲ್ಲಿನ ಕಾಲೇಜುಗಳಲ್ಲಿ ಮತ್ತೆರಡು ಮೂರು ವರ್ಷ ಓದುತ್ತಾರೆ. ಸಂಸ್ಥಾನಗಳ ನಡುವಣ ಬಾಗಿಲು ತೆರೆದರೂ ಹೆಬ್ಬಾಗಿಲಿನ ಕಾವಲು ಹಾಗೆಯೇ ಇದೆ.

ಪರವಾನಗಿಯೆಂಬುದು ಕೇವಲ ಕಾಗದವಲ್ಲ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದವನಿಗೆ ಸಮಾಜವು ಕೊಟ್ಟ ಭರವಸೆ. ಆ ಭರವಸೆಗೆ ಗಡಿಯ ಎರಡು ಪಕ್ಕದಲ್ಲಿಯೂ ಒಂದೇ ತೂಕವಿರಬೇಕು.